ಹಿಂದೆ ಕಟ್ಟಿದ ಟರ್ಬೋ, ಸುಟ್ಟ ಹುರುಳಿ

ಆ ಟರ್ಬೋ ಈಗ ನಮ್ಮ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದೆ. ಗುಜರಿಯವನು ಎರಡು ಸಲ ಬಂದು ಕೇಳಿದ, ಕೊಡಲಿಲ್ಲ. "ಅದನ್ಯಾಕ್ರಿ ಇಟ್ಕಂಡೀರಿ, ಓಡಾಡಿದ್ರೆ ಕಾಲಿಗೆ ಎಡವತೈತೆ" ಎಂದು ಹೆಂಡತಿ ಗೊಣಗುತ್ತಾಳೆ. ಎಡವಲಿ ಅಂತಲೇ ಇಟ್ಟಿದ್ದೇನೆ. ಬೆಳಿಗ್ಗೆ ಹಲ್ಲುಜ್ಜುವಾಗ ಅದರ ಮೇಲೆ ಕಣ್ಣು ಬಿದ್ದರೆ ಇವತ್ತಿಗೂ ಮೈ ಉರಿಯುತ್ತದೆ. ಬಿಳಿಚೋಡಿನ ಹತ್ತಿರ ಒಬ್ಬ ಹೆಂಗಸು ವರ್ಷವಿಡೀ ದುಡಿದು ಬೆಳೆದ ಹುರುಳಿ ಈ ಡಬ್ಬಿಯಿಂದ ಸುಟ್ಟು ಬೂದಿಯಾಯಿತು. ಸುಟ್ಟ ತಪ್ಪನ್ನು ಜನ ಆ ಹೆಂಗಸಿನ ತಲೆಗೇ ಕಟ್ಟಿದರು. ನಿಜ ಏನೆಂದು ಗೊತ್ತಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ನಾನು ಚನ್ನಗಿರಿಯವನು. ಇಪ್ಪತ್ತು ವರ್ಷಕ್ಕೂ ಮೇಲೆ ಆಯಿತು ಗಾಡಿ ಓಡಿಸುತ್ತಾ. ನನ್ನದು ನಾಲ್ಕೂ ಚಕ್ರ ಎಳೆಯುವ ಸಣ್ಣ ಲಾರಿ. ಬೇರೆಯವರು ರಸ್ತೆ ಮುಗಿಯುವ ಕಡೆ ಸಾಮಾನು ಇಳಿಸಿ ಕೈ ತೊಳೆದುಕೊಂಡರೆ, ನಾನು ಅಲ್ಲಿಂದ ಮುಂದೆ ಹೊಲಕ್ಕೆ, ಹಳ್ಳಕ್ಕೆ, ಗದ್ದೆಯ ಬದುವಿಗೆ ಇಳಿಯುವವನು. ಸಂತೇಬೆನ್ನೂರಿನ ತೋಟಗಳಿಗೆ ಪೈಪು, ಗೊಬ್ಬರ ಹೊತ್ತಿದ್ದೇನೆ. ಆದರೆ ವರ್ಷಕ್ಕೊಮ್ಮೆ ತಪ್ಪದೆ ಮಾಡುತ್ತಿದ್ದ ಕೆಲಸ ಕುರಿಮರಿ ಸಾಗಿಸುವುದು. ಸುಗ್ಗಿ ಮುಗಿದ ಮೇಲೆ ಬಿಳಿಚೋಡಿನ ಕಡೆಯ ಕುರಿಗಾರರು ಹೊನ್ನಾಳಿ, ನ್ಯಾಮತಿ ಕಡೆಯ ಗದ್ದೆಗಳಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ದೊಡ್ಡ ಕುರಿಗಳು ನಡೆದೇ ಹೋಗುತ್ತವೆ. ಹುಟ್ಟಿ ವಾರವಾಗದ ಮರಿಗಳು ಅಷ್ಟು ದೂರ ನಡೆಯಲಾರವು, ಅವುಗಳಿಗೆ ನನ್ನ ಗಾಡಿ. ಮರಿಗಳನ್ನು ಮಂದೆ ಬಿಟ್ಟ ಗದ್ದೆಯ ನಡುವಿಗೇ ಒಯ್ದು ಇಳಿಸಬೇಕು, ಇಲ್ಲದಿದ್ದರೆ ತಾಯಿ ಬಿಟ್ಟು ಅರಚಿಯೇ ಅರ್ಧ ಜೀವ ಆಗುತ್ತವೆ.

ಗಾಡಿಗೆ ವಯಸ್ಸಾಗಿತ್ತು, ಎಂಜಿನ್ ಸಾಧು. ಸವಳಂಗದ ಕಡೆಯ ಏರಿನಲ್ಲಿ ಲೋಡು ಹಾಕಿಕೊಂಡು ಹೋದರೆ ಹಿಂದಿನಿಂದ ಬಂದ ಹೊಸ ಪಿಕಪ್ಪುಗಳೆಲ್ಲ ಹಾರನ್ ಹೊಡೆದು ಮುಂದೆ ಹೋಗುತ್ತಿದ್ದವು. ಒಬ್ಬನಂತೂ ಪಕ್ಕಕ್ಕೆ ಬಂದು, ಕಿಟಕಿಯಿಂದ ಕೈ ಹೊರಹಾಕಿ, ಎತ್ತನ್ನು ಹುರಿದುಂಬಿಸುವ ಹಾಗೆ "ಹೋ ಹೋ" ಅಂದ. ಅಷ್ಟಕ್ಕೇ ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಆ "ಹೋ ಹೋ" ಕೇಳಿಸಿಕೊಂಡು ನಕ್ಕು ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೊನ್ನಾಳಿಯಲ್ಲಿ ಒಬ್ಬ ಫಿಟ್ಟರ್ ಇದ್ದ. ಬಾಯಿ ತೆರೆದರೆ ಸಾಕು, ಸತ್ತ ಎಂಜಿನ್ನೂ ಎದ್ದು ಕೂರಬೇಕು, ಅಂಥ ಮಾತುಗಾರ. ಗಾಡಿಗೆ ಟರ್ಬೋ ಹಾಕಿಸು ಅಂದ. ಎಂಜಿನ್ ಬಿಡುವ ಹೊಗೆಯ ರಭಸದಿಂದಲೇ ತಿರುಗಿ, ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಕಬ್ಬಿಣದ ಡಬ್ಬಿ ಅದು. ಹೊಸ ಗಾಡಿಗಳಲ್ಲಿ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ. ನನ್ನ ಗಾಡಿಯ ಮೂತಿಯೊಳಗೆ ಅದಕ್ಕೆ ಜಾಗವಿರಲಿಲ್ಲ.

"ಮುಂದೆ ಜಾಗ ಇಲ್ದಿದ್ರೆ ಏನಾತು, ಹಿಂದೆ ಹಾಕನ" ಅಂದ ಫಿಟ್ಟರ್. "ಸೈಲೆನ್ಸರ್ ತೆಗೆದು ಆ ಜಾಗದಾಗೆ ಕುಂದ್ರುಸ್ತೀನಿ. ಅಲ್ಲಿಂದ ಎಂಜಿನ್ಗೆ ಒಂದು ಪೈಪು ಎಳೆದ್ರೆ ಮುಗೀತು. ಎಂಜಿನ್ ಬಿಸಿಯಿಂದ ದೂರ ಇರತೈತೆ, ತಣ್ಣಗಿರತೈತೆ. ನೋಡ್ರಿ ಇಲ್ಲಿ."

ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ದೊಡ್ಡ ಗಾಡಿ, ಕನ್ನಡಿಯಂಥ ರಸ್ತೆಯಲ್ಲಿ ಬಾಣದ ಹಾಗೆ ಹೋಗುತ್ತಿತ್ತು. ಆ ರಸ್ತೆಯಲ್ಲಿ ಧೂಳಿಲ್ಲ, ಕೆಸರಿಲ್ಲ, ಎಮ್ಮೆ ಇಲ್ಲ. ಅದನ್ನು ನೋಡಿದ ನನ್ನ ಬುದ್ಧಿಗೆ ಏನು ಬಡಿದಿತ್ತೋ, ನನ್ನ ಗಾಡಿ ಓಡುವುದು ಎಲ್ಲಿ ಅನ್ನುವುದೇ ಮರೆತುಹೋಯಿತು. ಹೂಂ ಅಂದುಬಿಟ್ಟೆ.

ಹಾಕಿಸಿಕೊಂಡ ದಿನ ಟಾರ್ ರಸ್ತೆಯಲ್ಲಿ ಗಾಡಿ ನಿಜಕ್ಕೂ ಹಾರಿತು. ಸುಳ್ಳೇಕೆ ಹೇಳಲಿ, ಆವತ್ತು ಮೀಸೆ ತಿರುವಿಕೊಂಡೆ. ಊರಿನ ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರನ್ನೂ ಕೆಳಗೆ ಬಗ್ಗಿಸಿ ತೋರಿಸಿದೆ. ಮೂರನೇ ದಿನ ನ್ಯಾಮತಿಯ ಕಡೆ ಒಂದು ಗದ್ದೆಗೆ ಇಳಿದಾಗ ಅದರ ಬಂಡವಾಳ ಬಯಲಾಯಿತು. ಕೆಸರಿನಲ್ಲಿ ಗಾಡಿಗೆ ಬೇಕಾದದ್ದು ಸಮಾಧಾನದ ಎಳೆತ. ನಾನು ಕಾಲೊತ್ತಿದರೆ ಗಾಳಿ ಹಿಂದಿನಿಂದ ಮುಂದಕ್ಕೆ ಅಷ್ಟುದ್ದ ಪೈಪಿನಲ್ಲಿ ನಡೆದು ಬರಬೇಕು. ಒತ್ತಿದೆ, ಏನೂ ಇಲ್ಲ. ಇನ್ನಷ್ಟು ಒತ್ತಿದೆ, ಆಗಲೂ ಇಲ್ಲ. ಸರಿ ಅಂತ ಕಾಲು ಸಡಿಲಿಸುವ ಹೊತ್ತಿಗೆ ಒಮ್ಮೆಲೇ ಮೈಮೇಲೆ ದೇವರು ಬಂದಂತೆ ಚಕ್ರಗಳು ಗಿರ್ರೆಂದು ತಿರುಗಿ, ಗಾಡಿ ಅಚ್ಚಿನ ತನಕ ಹೂತುಕೊಂಡಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಕಾಯಿತು. ಬದುವಿನ ಮೇಲೆ ನಿಂತ ಜನ ನಗುತ್ತಿದ್ದರು.

ಅಲ್ಲಿಂದ ಶುರುವಾದ ಕಾಟ ಒಂದೆರಡಲ್ಲ. ಗಾಳಿ ಎಳೆಯುವ ಬಾಯಿ ಹಿಂದಿನ ಚಕ್ರದ ಪಕ್ಕದಲ್ಲೇ ಇತ್ತು. ಚಕ್ರ ಎಬ್ಬಿಸಿದ ಧೂಳು, ಸಗಣಿ, ಕೆಸರು ಎಲ್ಲ ಅದಕ್ಕೇ. ಹೆಂಡತಿಯ ಹಳೇ ಸೀರೆಯ ತುಂಡು ಕಟ್ಟಿದೆ, ಎರಡೇ ದಿನದಲ್ಲಿ ಅದು ಗಟ್ಟಿ ರೊಟ್ಟಿಯಾಯಿತು. ಕಾದು ಕೆಂಪಗಾದ ಡಬ್ಬಿ ಹಳ್ಳದ ನೀರಿಗೆ ಮುಳುಗಿದರೆ ಒಗ್ಗರಣೆಗೆ ನೀರು ಬಿದ್ದ ಹಾಗೆ ಚೊರ್ರೆನ್ನುತ್ತಿತ್ತು. ಒಂದು ದಿನ ನೋಡಿದರೆ ಮೈಮೇಲೆ ಕೂದಲೆಳೆಯಂಥ ಬಿರುಕು. ಎಲ್ಲದಕ್ಕಿಂತ ದೊಡ್ಡ ಪೀಡೆ ಆಯಿಲಿನದು. ಎಂಜಿನ್ ಹತ್ತಿರವೇ ಇರುವ ಟರ್ಬೋದಿಂದ ಆಯಿಲು ತಾನಾಗಿ ಕೆಳಗಿಳಿದು ಎಂಜಿನ್ನಿಗೆ ವಾಪಸು ಸೇರುತ್ತದೆ. ನನ್ನದು ಕೆಳಗೆ, ಹಿಂದೆ, ಗಾಡಿಯ ಬಾಲಕ್ಕೆ ನೇತಾಡುವಂಥದ್ದು. ಆಯಿಲನ್ನು ಮುಂದಕ್ಕೆ ಎತ್ತಲು ಒಂದು ಪುಟ್ಟ ಪಂಪು ಬೇಕು. ಆ ಪಂಪು ಒಂದು ದಿನ ಕೆಲಸ ಮಾಡಿದರೆ ಎರಡು ದಿನ ಮುನಿಸಿಕೊಳ್ಳುತ್ತಿತ್ತು. ಆಯಿಲು ತೊಟ್ಟಿಕ್ಕತೊಡಗಿತು. ಬಿಸಿ ತಡೆಯಲಿ ಅಂತ ಫಿಟ್ಟರ್ ಟರ್ಬೋಗೂ ಪೈಪಿಗೂ ಬ್ಯಾಂಡೇಜಿನಂಥ ಪಟ್ಟಿ ಸುತ್ತಿದ್ದ. ಆ ಪಟ್ಟಿ ಆಯಿಲು ಕುಡಿದು ಕುಡಿದು ಕಪ್ಪಗಾಯಿತು.

ಹೊನ್ನಾಳಿಗೆ ಹೋಗಿ ಕೇಳಿದರೆ ಫಿಟ್ಟರ್ ತಲೆ ಎತ್ತಿ ಕೂಡ ನೋಡಲಿಲ್ಲ. "ಎಲ್ಲಾ ಓಡ್ಸೋದ್ರಾಗೆ ಐತ್ರಿ" ಅಂದ.

ನನಗೆ, ಇಪ್ಪತ್ತು ವರ್ಷದಿಂದ ಹಳ್ಳಕೊಳ್ಳ ಇಳಿದವನಿಗೆ, ಓಡಿಸುವುದನ್ನು ಹೇಳಿಕೊಡಲು ಬಂದ! ಅಲ್ಲೇ ಆ ಡಬ್ಬಿ ಕಿತ್ತು ಅವನ ಮುಂದೆ ಎಸೆದು ಬರಬೇಕಿತ್ತು. ಎಸೆಯಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಚನ್ನಗಿರಿಯ ಸ್ಟ್ಯಾಂಡಿನಲ್ಲಿ ನನ್ನದು ಟರ್ಬೋ ಗಾಡಿ ಅಂತ ಹೆಸರಾಗಿತ್ತು. ಕಿತ್ತು ಹಾಕಿದರೆ ಅದೇ ಜನ ಹಲ್ಲು ಕಿರಿಯುತ್ತಾರಲ್ಲ ಅನ್ನುವ ಹಾಳು ಮರ್ಯಾದೆ. ಮನೆಯ ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ ಟರ್ಬೋದ ಕೆಳಗೆ ಹಳೇ ಬಣ್ಣದ ಡಬ್ಬ ಇಡುತ್ತಿದ್ದೆ. ಬೆಳಿಗ್ಗೆ ಎದ್ದು ಅದರಲ್ಲಿ ಬಿದ್ದ ಆಯಿಲನ್ನು ಯಾರೂ ನೋಡದ ಹಾಗೆ ಚೆಲ್ಲುತ್ತಿದ್ದೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಸೋರುತ್ತಿರುವುದು ನನಗೆ ಗೊತ್ತಿತ್ತು.

ಇನ್ನು ನಮ್ಮ ಕಡೆಯ ಡ್ರೈವರುಗಳ ಒಂದು ರೂಢಿಯ ಬಗ್ಗೆ ಹೇಳಬೇಕು. ಹುರುಳಿ ಕಿತ್ತು ಒಣಗಿಸಿದ ಮೇಲೆ ಕಾಳು ಬಿಡಿಸುವುದಕ್ಕೆ ಜನ ಬಳ್ಳಿಯನ್ನು ಟಾರ್ ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಬೈಕು ಎಲ್ಲ ತುಳಿದುಕೊಂಡು ಹೋದರೆ ಕಾಯಿ ಒಡೆದು ಕಾಳು ಉದುರುತ್ತದೆ. ರಸ್ತೆ ಒಕ್ಕಣೆಯ ಜಾಗವಲ್ಲ ಅಂತ ಬೋರ್ಡು ಇರುತ್ತದೆ. ಬೋರ್ಡಿನ ಕಂಬಕ್ಕೇ ಎಮ್ಮೆ ಕಟ್ಟಿ ಹುರುಳಿ ಹರವುತ್ತಾರೆ. ಕಾರಿನವರು ಬೈದುಕೊಂಡು ಹೋಗುತ್ತಾರೆ. ನಾವು ಲೋಡು ಗಾಡಿಯವರು ಹಾಗಲ್ಲ. ಯಾರಾದರೂ ಕೈ ಅಡ್ಡ ಹಿಡಿದು ಕೇಳಿದರೆ ನಿಂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಗಾಡಿ ಆಡಿಸಿ, ಚೆನ್ನಾಗಿ ತುಳಿಸಿಯೇ ಹೋಗುವುದು. ನನಗೆ ಗಾಡಿ ಕಲಿಸಿದ ಡ್ರೈವರು ಹಾಗೆ ಮಾಡುತ್ತಿದ್ದ, ನಾನೂ ಹಾಗೇ ಮಾಡಿಕೊಂಡು ಬಂದೆ. ಅದು ಉಪಕಾರ ಅಂತ ಕೂಡ ನಮಗೆ ಅನ್ನಿಸುವುದಿಲ್ಲ. ಬದಲಿಗೆ ಒಂದು ಲೋಟ ಮಜ್ಜಿಗೆ ಸಿಕ್ಕರೆ ಸಿಕ್ಕಿತು.

ಆವತ್ತು ಬೆಳಿಗ್ಗೆ ಬಿಳಿಚೋಡಿನ ಆಚೆ ಒಂದು ಹೊಲದಿಂದ ಮರಿಗಳನ್ನು ತುಂಬಿಕೊಂಡೆ. ಅವುಗಳ ಜೊತೆ ಹಿಂದುಗಡೆ ಮುದುಕ ಕುರಿಗಾರ ಕಂಬಳಿ ಹೊದ್ದು ಕೂತ. ವರ್ಷವರ್ಷವೂ ನನ್ನ ಗಾಡಿಗೇ ಕಾಯುವ ಮನುಷ್ಯ. ಹೊಲದಿಂದ ರಸ್ತೆಗೆ ಹತ್ತುವ ಕಡೆ ಕಡಿದಾದ ದಿಬ್ಬ. ಟರ್ಬೋ ಕಿರುಚುವ ತನಕ ಕಾಲೊತ್ತಿ ಹತ್ತಿಸಿದೆ. ಡಬ್ಬಿ ಕೆಂಡವಾಗಿರಲೇಬೇಕು. ರಸ್ತೆಗೆ ಬಂದು ಸ್ವಲ್ಪ ದೂರ ಹೋಗುವುದರೊಳಗೆ ಮೊಣಕಾಲೆತ್ತರ ಹುರುಳಿ ಹರವಿತ್ತು. ಮೊರ ಹಿಡಿದುಕೊಂಡು ಒಬ್ಬಳೇ ಹೆಂಗಸು ನಿಂತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು.

"ಅಣ್ಣಾ, ಒಂದೀಟು ಹಿಂದಕ್ಕೆ ಮುಂದಕ್ಕೆ ಆಡಿಸ್ರಿ. ಬೆಳಗಿಂದ ಬರೀ ಬೈಕು ಹೊಂಟಾವೆ, ಕಾಯಿ ಒಡೆದೇ ಇಲ್ಲ."

"ಅದಕ್ಕೇನ್ರಿ" ಅಂದೆ.

ಮುಂದಕ್ಕೆ ಹೋದೆ, ಹಿಂದಕ್ಕೆ ಬಂದೆ. ಇನ್ನೊಂದು ಸಲ ಹೋದೆ, ಬಂದೆ. ಕಾಯಿಗಳು ಚಟಚಟ ಒಡೆಯುವ ಸದ್ದು ಕೇಳಿ ಖುಷಿಯಾಗಿ ಮೂರನೇ ಸಲವೂ ಹಿಂದಕ್ಕೆ ಬಂದೆ. ಹುರುಳಿ ಬಳ್ಳಿ ಉದ್ದ, ಒಣಗಿದ ಮೇಲೆ ದಾರದ ಹಾಗೆ ತೊಡರಿಕೊಳ್ಳುತ್ತದೆ. ಮೊದಲೆಲ್ಲ ಗಾಡಿಯ ಕೆಳಗೆ ತೊಡರಿದರೂ ಉದುರಿಹೋಗುತ್ತಿತ್ತು. ಈಗ ಹಿಂದೆ, ನೆಲಕ್ಕೆ ಒಂದು ಗೇಣು ಮೇಲೆ, ಆಯಿಲು ಕುಡಿದ ಪಟ್ಟಿ ಸುತ್ತಿದ ಕೆಂಡ ನೇತಾಡುತ್ತಿತ್ತಲ್ಲ. ಬಳ್ಳಿ ಹೋಗಿ ಅದಕ್ಕೇ ಸುತ್ತಿಕೊಂಡಿತು. ಇಷ್ಟು ಸಣ್ಣ ವಿಷಯ ಮೂರು ಸಲ ಗಾಡಿ ಆಡಿಸುವಾಗ ಒಂದು ಸಲವೂ ನನ್ನ ತಲೆಗೆ ಹೊಳೆಯಲಿಲ್ಲ.

ಹಿಂದಿನಿಂದ ಕುರಿಗಾರ ಕ್ಯಾಬಿನ್ನಿಗೆ ದಬದಬ ಬಡಿದ. "ಹೊಗೆ! ಹೊಗೆ!"

ಇಳಿದು ಓಡಿದೆ. ಹಲಗೆಯ ಅಡಿಯಿಂದ ಬೆಂಕಿ ನಾಲಗೆ ಚಾಚಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಮುದುಕ ಮೇಲಿನಿಂದ ಒಂದೊಂದೇ ಮರಿಯನ್ನು ಎತ್ತಿ ಕೊಡತೊಡಗಿದ. ನಾನು ಇಸಿದುಕೊಳ್ಳುವ ಮೊದಲೇ ಆ ಹೆಂಗಸು ಮೊರ ಎಸೆದು ಬಂದು ಸೆರಗು ಒಡ್ಡಿದ್ದಳು. ಎರಡೆರಡು ಮರಿ ಸೆರಗಿನಲ್ಲಿ ತುಂಬಿಕೊಂಡು ಆಚೆ ಹೊಲಕ್ಕೆ ಓಡುವುದು, ಇಳಿಸುವುದು, ಮತ್ತೆ ಓಡಿ ಬರುವುದು. ಒಂದು ಮರಿಯೂ ಸಾಯಲಿಲ್ಲ. ಮರಿಗಳಿಗೆಂದು ತಂದಿದ್ದ ಕ್ಯಾನಿನ ನೀರು, ರಸ್ತೆ ಬದಿಯ ಮಣ್ಣು, ಮುದುಕನ ಕಂಬಳಿ ಎಲ್ಲ ಹಾಕಿ ಗಾಡಿಯ ಬೆಂಕಿ ಆರಿಸಿದೆ. ಹಿಂದಿನ ಎರಡು ಹಲಗೆ ಸುಟ್ಟಿದ್ದವು, ಅಷ್ಟೆ.

ಆದರೆ ಗಾಡಿಯಿಂದ ಉದುರಿದ ಉರಿಯುವ ಬಳ್ಳಿ ಕೆಳಗಿನ ಹುರುಳಿಗೆ ತಗುಲಿತ್ತು. ಗಾಳಿ ಬೇರೆ ಬೀಸುತ್ತಿತ್ತು. ಕೊನೆಯ ಮರಿ ಇಳಿಸಿ ಆಕೆ ತಿರುಗಿ ನೋಡುವ ಹೊತ್ತಿಗೆ ಹರವಿದ್ದಷ್ಟೂ ಹೊತ್ತಿಕೊಂಡಿತ್ತು. ಮೊದಲೇ ಓಡಿ ಬಳ್ಳಿಯನ್ನು ಎರಡು ಪಾಲು ಮಾಡಿ ಎಳೆದಿದ್ದರೆ ಆಕೆಗೆ ಅರ್ಧವಾದರೂ ಉಳಿಯುತ್ತಿತ್ತು. ಆಕೆ ನನ್ನ ಗಾಡಿಯ ಕಡೆಗೆ ಓಡಿದ್ದಳು.

ಜನ ಸೇರಿದರು. ಬೈಕಿನಲ್ಲಿ ಬಂದ ಒಬ್ಬ, ಇಳಿಯುವ ಮೊದಲೇ ಮೊಬೈಲು ಎತ್ತಿ ವಿಡಿಯೋ ಹಿಡಿಯುತ್ತಾ, "ರೋಡಿಗೆ ಹುರುಳಿ ಹಾಕಿದ್ರೆ ಇನ್ನೇನಾಗತೈತೆ? ಎಷ್ಟು ಹೇಳಿದ್ರೂ ಇವ್ರಿಗೆ ಬುದ್ಧಿ ಬರಾಕಿಲ್ಲ. ಪಾಪ, ಗಾಡಿಯವನ ಗತಿ ನೋಡ್ರಿ" ಅಂದ. ಉಳಿದವರೂ ಹೌದು ಹೌದು ಅಂದರು. ಒಬ್ಬ ಹಿರಿಯ ಆಕೆಗೆ ಬೈಯಲು ಶುರು ಮಾಡಿದ. ಆಕೆಯ ಸೆರಗು ಅಲ್ಲಲ್ಲಿ ಸುಟ್ಟು ತೂತಾಗಿತ್ತು. ಸೀದಾ ನನ್ನ ಮುಂದೆ ಬಂದು ಕೈ ಮುಗಿದಳು.

"ತಪ್ಪಾತಣ್ಣಾ. ಆಡಿಸ್ರಿ ಅಂತ ಕೇಳಿದೋಳು ನಾನೇ. ನನ್ನಿಂದ ನಿಮ್ಮ ಗಾಡಿ ಸುಟ್ಟೋತು."

ಆಗ ನಾನು ಏನು ಅನ್ನಬೇಕಿತ್ತು? ತಂಗೀ, ಇದು ನನ್ನ ಡಬ್ಬಿ ಹಚ್ಚಿದ ಬೆಂಕಿ, ಸೋರುತ್ತಿದ್ದದ್ದು ನನಗೆ ಗೊತ್ತಿತ್ತು ಅನ್ನಬೇಕಿತ್ತು. ಮೊಬೈಲು ನನ್ನ ಮುಖದ ಮುಂದೆ ಇತ್ತು. ಟರ್ಬೋ ಗಾಡಿಯವನ ಹಾಳು ಮರ್ಯಾದೆ ಅಡ್ಡ ಬಂತು.

"ಇರ್ಲಿ ಬಿಡ್ರಿ" ಅಂದೆ.

ಇರಲಿ ಬಿಡಿ! ನಾನು ಆಕೆಯನ್ನು ಕ್ಷಮಿಸಿಬಿಟ್ಟೆ! ಆಕೆಯ ಹುರುಳಿ ಸುಟ್ಟವನು ನಾನು, ದೊಡ್ಡ ಮನುಷ್ಯನ ಹಾಗೆ ಕ್ಷಮಿಸಿದವನೂ ನಾನು. ಇವತ್ತು ಕೂತು ಬರೆಯುವಾಗಲೂ ಆ ಎರಡು ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಜನ ಚದುರಿದ ಮೇಲೆ ಕುರಿಗಾರ ಬಗ್ಗಿ ಗಾಡಿಯ ಅಡಿ ನೋಡಿದ. ಕಪ್ಪಗಾದ ಪಟ್ಟಿ ಮುಟ್ಟಿ, ಬೆರಳು ಮೂಸಿ, "ಬಾಲಕ್ಕೆ ಬೆಂಕಿ ಕಟ್ಕಂಡು ನನ್ನ ಮರಿ ಹೇರ್ಕಂಡು ತಿರುಗ್ತಿದ್ದಿಯೇನೋ" ಅಂದ. ಮರಿಗಳನ್ನು ಮಂದೆಗೆ ಸೇರಿಸುವ ತನಕ ಹಿಂದೆ ನಿಂತುಕೊಂಡೇ ಬಂದ, ಕೂರಲಿಲ್ಲ.

ಮಾರನೇ ದಿನವೇ ಹೊನ್ನಾಳಿಗೆ ಹೋದೆ. ಅಷ್ಟರಲ್ಲಿ ಆ ವಿಡಿಯೋ ಫಿಟ್ಟರನ ಮೊಬೈಲಿಗೂ ಬಂದಿತ್ತು. "ನೋಡ್ರಿ, ತಪ್ಪು ಹುರುಳಿದು. ನಮ್ಮ ಕೆಲಸದಾಗೆ ಏನೂ ದೋಷ ಇಲ್ಲ" ಅಂತ ನನಗೇ ತೋರಿಸಿದ. ಸುತ್ತಲಿನ ಅಂಗಡಿಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಾಡಿದೆ. ಎಂಜಿನ್ನಿನ ಪಕ್ಕ ಇರಬೇಕಾದ್ದನ್ನು ಕೆಸರಿಗೆ, ಕಲ್ಲಿಗೆ, ಹುಲ್ಲಿಗೆ ತಾಗುವ ಹಾಗೆ ಬಾಲಕ್ಕೆ ಕಟ್ಟಿದೆಯಲ್ಲ, ಹೊಲಕ್ಕೆ ಇಳಿಯುವ ಗಾಡಿಗೆ ಇದನ್ನು ಕಟ್ಟುವಾಗ ನಿನ್ನ ಕಣ್ಣು ಎಲ್ಲಿತ್ತು ಅಂದೆ. ನನ್ನ ಎದುರಿಗೇ ಬಿಚ್ಚಿಸಿ, ಹಳೇ ಸೈಲೆನ್ಸರ್ ಹಾಕಿಸಿಕೊಂಡು, ಡಬ್ಬಿಯನ್ನು ಮನೆಗೆ ತಂದೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಮನೆ ಮುಟ್ಟುವ ಹೊತ್ತಿಗೆ ಬೈಗುಳ ಮುಗಿದಿತ್ತು, ಸಿಟ್ಟು ಮಾತ್ರ ಹಾಗೇ ಇತ್ತು. ಅವನು ಬಾಯಿಬಿಟ್ಟು ಹೇಳಿದ್ದನ್ನೇ ನಾನು ಸುಮ್ಮನಿದ್ದು ಹೇಳಿದ್ದೆ.

ಕುರಿಗಾರನ ಕೈಲಿ ಆಕೆಗೆ ಒಂದು ಚೀಲ ಹುರುಳಿ ಕಳಿಸಿದೆ. ಯಾಕೆ ಅಂತ ಹೇಳಿ ಕಳಿಸಲಿಲ್ಲ. ಕೊಟ್ಟು ಬಂದ ಮುದುಕ ನನ್ನ ಮುಖ ನೋಡದೆ ಹೇಳಿದ: "ಗಾಡಿ ಸುಟ್ಕಂಡೂ ಕಾಳು ಕಳಿಸ್ಯಾರೆ, ದೊಡ್ಡ ಮನಸ್ಸು ಅಂತ ಅಂದ್ಲಪ್ಪಾ."

ಒಂದು ವರ್ಷ ಆ ರಸ್ತೆಗೆ ಹೋಗಲಿಲ್ಲ. ಜಗಳೂರಿನ ಕಡೆ ಲೋಡು ಸಿಕ್ಕರೂ ಬಳಸು ದಾರಿ ಹಿಡಿಯುತ್ತಿದ್ದೆ. ಮತ್ತೆ ಸುಗ್ಗಿ ಮುಗಿದು ಮರಿ ಸಾಗಿಸುವ ಕಾಲ ಬಂತು. ಮುದುಕ ಫೋನು ಮಾಡಿ, "ಬರ್ತಿಯೋ, ಬ್ಯಾರೆ ಗಾಡಿ ನೋಡ್ಲೋ" ಅಂದ. ಬರುತ್ತೇನೆ ಅಂದೆ. ಗಾಡಿ ಮೊದಲಿನ ಹಾಗೆ ಏರಿನಲ್ಲಿ ಏದುಸಿರು ಬಿಡುತ್ತಾ, ಎಲ್ಲರಿಗೂ ದಾರಿ ಬಿಡುತ್ತಾ ಹೋಯಿತು.

ಮರಿ ತುಂಬಿಕೊಂಡು ಬರುವಾಗ ಅದೇ ಜಾಗ. ರಸ್ತೆಯ ಮೇಲೆ ಒಂದು ಕಾಳೂ ಇರಲಿಲ್ಲ. ಪಕ್ಕದ ಹೊಲದಲ್ಲಿ ಟಾರ್ಪಾಲು ಹಾಸಿ ಆಕೆ ಬಡಿಗೆಯಿಂದ ಹುರುಳಿ ಬಡಿಯುತ್ತಿದ್ದಳು. ನನ್ನ ಗಾಡಿಯ ಸದ್ದು ಕೇಳಿದವಳೇ ಬಡಿಗೆ ಬಿಟ್ಟು ಓಡಿ ಬಂದು, ರಸ್ತೆಯ ಅಂಚಿಗೆ ಚಾಚಿಕೊಂಡಿದ್ದ ನಾಲ್ಕು ಬಳ್ಳಿಯನ್ನು ಬಾಚಿ ಹೊಲದ ಒಳಗೆ ಎಳೆದುಕೊಂಡಳು. ಗಾಡಿ ನಿಲ್ಲಿಸಿ ಇಳಿದೆ.

"ರೋಡಿಗೆ ಹರವ್ರಿ. ನಾನು ತುಳಿಸಿಕೊಡ್ತೀನಿ" ಅಂದೆ.

"ಬ್ಯಾಡಣ್ಣಾ. ಒಂದ್ಸಲ ನಿಮ್ಮ ಗಾಡಿ ಸುಟ್ಟಿದ್ದೇ ಸಾಕು."

ನಿಂತಲ್ಲೇ ಎಲ್ಲ ಹೇಳಿದೆ. ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಬಗ್ಗಿ, ಟರ್ಬೋ ಇದ್ದ ಜಾಗ ತೋರಿಸಿದೆ. ಆಯಿಲು ಸೋರುತ್ತಿದ್ದದ್ದು, ಕೆಳಗೆ ಡಬ್ಬ ಇಡುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ಬೆಂಕಿ ಹತ್ತಿದ್ದು ನಿಮ್ಮ ಹುರುಳಿಯಿಂದಲ್ಲ, ನನ್ನ ಗಾಡಿಯಿಂದ ಅಂದೆ. ಆಕೆಯೂ ಬಗ್ಗಿ ನೋಡಿದಳು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಎದ್ದು ಎಡಗೈಯಿಂದ ಬಲ ರಟ್ಟೆ ಒತ್ತಿಕೊಂಡಳು. "ಮನೆಯಾಗೆ ಇವತ್ತಿಗೂ ನನ್ನ ಬೆಂಕಿ ಹಚ್ಚಿದೋಳು ಅಂತಾರೆ. ರೋಡಿಗೆ ಹಾಕಾಕೆ ಬಿಡಾಕಿಲ್ಲ, ಅದಕ್ಕೇ ಬಡೀತಿರೋದು" ಅಂದಳು. ಆಮೇಲೆ ನನ್ನ ಮುಖ ನೋಡಿ, "ಅವತ್ತು ಇರ್ಲಿ ಬಿಡ್ರಿ ಅಂದ್ರಲ್ಲ. ಮನೆಗೆ ಹೋಗಿ ನಿಮಗೆ ಒಳ್ಳೇದಾಗ್ಲಿ ಅಂತ ದೇವ್ರಿಗೆ ದೀಪ ಹಚ್ಚಿದ್ದೆ" ಅಂದಳು.

ಮನೆಗೆ ಬರ್ತೀನಿ, ನಿಮ್ಮೋರ ಮುಂದೆ ನಾನೇ ಹೇಳ್ತೀನಿ ಅಂದೆ. ಆಕೆ ಕೈ ಎತ್ತಿ ಹೊಲದ ಆಚೆ ಕಾಣುತ್ತಿದ್ದ ಹೆಂಚಿನ ಮನೆ ತೋರಿಸಿದಳು. ನಾನು ಆ ಕಡೆ ಹೆಜ್ಜೆ ಹಾಕಿದೆ. ಗಾಡಿಯಲ್ಲಿ ಮರಿಗಳು ಅರಚುತ್ತಿದ್ದವು, ಮುದುಕ ಮೇಲಿನಿಂದ ನೋಡುತ್ತಿದ್ದ. ತಪ್ಪಾತು ತಂಗೀ ಅಂತ ಒಮ್ಮೆ ತಿರುಗಿ ಹೇಳಿದೆ.

ಆಕೆ ಬಡಿಗೆ ಎತ್ತಿಕೊಂಡಳು. ಇರ್ಲಿ ಬಿಡ್ರಿ ಅನ್ನಲಿಲ್ಲ.